ತಾನಾಗಿ ಏಳುವ ಕೈ

ಗಂಡ ಓಡಿಸುವುದು, ಹೆಂಡತಿ ರಿಪೇರಿ ಮಾಡುವುದು. ಆ ಚೈನ್ ಗಾಡಿ ಇಷ್ಟು ವರ್ಷ ನಡೆದುಕೊಂಡು ಬಂದದ್ದೇ ಹಾಗೆ. ಚಕ್ರದ ಬದಲು ಕಬ್ಬಿಣದ ಪಟ್ಟಿಯ ಮೇಲೆ ತೆವಳುವ ಹಳೇ ಟ್ರಾಕ್ಟರು, ಮುಂದೆ ಮಣ್ಣು ತಳ್ಳುವ ಅಗಲವಾದ ಬ್ಲೇಡು. ಕೆಲಸದವರೆಲ್ಲ ಅದನ್ನು ‘ಮುದುಕ’ ಅನ್ನುತ್ತಿದ್ದರು. ಹೆಂಡತಿಯ ಕೈಯಲ್ಲಿ ಸದಾ ನಟ್ಟು ಬಿಚ್ಚುವ ಪಾನಾ ಇರುತ್ತಿದ್ದರಿಂದ ಅವಳು ಪಾನಕ್ಕ. ಗಂಡನಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ, ಡ್ರೈವರು ಅಷ್ಟೆ. ಆದರೆ ನೆಲ ಮಟ್ಟ ಮಾಡುವುದರಲ್ಲಿ ಅವನದು ಎತ್ತಿದ ಕೈ ಎಂದು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಅದೆಲ್ಲ ಈಚಿನವರೆಗಿನ ಮಾತು. ಈಗ ಅವನು ಹಾದುಹೋದ ನೆಲ ಅಲೆ ಅಲೆಯಾಗಿ ಏಳುತ್ತಿತ್ತು. ಗೋದಾಮಿನ ಅಂಗಳದಲ್ಲಿ ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿ ನೋಡಿದರೆ ನಡುನಡುವೆ ತಗ್ಗು. “ಡ್ರೈವರ್ ಕೈ ನಡುಗ್ತಾ ಇದೆ, ವಯಸ್ಸಾಯ್ತಲ್ಲ” ಎಂದು ಮೇಸ್ತ್ರಿ ಯಾರಿಗೋ ಹೇಳಿದ್ದು ಗುತ್ತಿಗೆದಾರರ ಕಿವಿಗೆ ಬೀಳಲು ಹೊತ್ತೇನೂ ಹಿಡಿಯಲಿಲ್ಲ. ನಾಳೆಯಿಂದ ಬೇರೆಯವರನ್ನು ಕೂರಿಸುತ್ತೇನೆ ಎಂದುಬಿಟ್ಟರು.

ಪಾನಕ್ಕ ಸೆರಗಿಗೆ ಕೈ ಒರೆಸಿಕೊಂಡು ನೇರ ಅವರ ಮುಂದೆ ಹೋಗಿ ನಿಂತಳು. “ಕೈಯಲ್ಲ ಸಾರ್, ಬ್ಲೇಡ್ ಎತ್ತೋ ಸಿಲಿಂಡರು. ಬ್ಲೇಡ್ ಎತ್ತಿ ಇಂಜಿನ್ ನಿಲ್ಸಿ, ನೀವೇ ನೋಡಿ. ತಾನಾಗಿ ಕೆಳಗಿಳಿಯತ್ತೆ. ಒಳಗಿನ ರಬ್ಬರ್ ಪ್ಯಾಕಿಂಗ್ ಹೋಗಿದೆ, ಎಣ್ಣೆ ನಿಲ್ತಿಲ್ಲ. ಇವತ್ತೊಂದು ದಿನ ಬಿಡಿ. ಆಮೇಲೂ ನೆಲ ಡೊಂಕಾದ್ರೆ ಯಾರನ್ನ ಬೇಕಾದ್ರೂ ಕೂರಿಸ್ಕೊಳ್ಳಿ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ಮೇಸ್ತ್ರಿ. “ಇಲ್ಲಿ ಕುಣಿಯಕ್ಕೆ ಬರದೇ ಇರೋದು ಗಂಡನಿಗೆ, ನೆಪ ಹೇಳೋದು ಹೆಂಡ್ತಿ.”

ಗುತ್ತಿಗೆದಾರರು ನಕ್ಕರು. ನಕ್ಕರೂ ಒಂದು ದಿನ ಕೊಟ್ಟರು. ಮುದುಕನಿಗೆ ಕೈ ಹಾಕುವ ಧೈರ್ಯ ಅವಳಿಗಲ್ಲದೆ ಬೇರೆಯವರಿಗಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ಅವಳು ಬ್ಲೇಡನ್ನು ನೆಲಕ್ಕೆ ಕೂರಿಸಿ, ಇಂಜಿನ್ ನಿಲ್ಲಿಸಿ, ಬ್ಲೇಡು ಎತ್ತಿಳಿಸುವ ಲಿವರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಪೈಪುಗಳಲ್ಲಿ ಉಳಿದಿದ್ದ ಒತ್ತಡ ಬಿಟ್ಟಳು. ಆದರೂ ಬ್ಲೇಡಿನ ತೋಳುಗಳ ಕೆಳಗೆ ಎರಡು ಮರದ ದಿಮ್ಮಿ ತಳ್ಳದೆ ಕೈ ಹಾಕಲಿಲ್ಲ. ಕೆಲಸ ಕಲಿಸಿದ ಅಪ್ಪನ ಮಾತು ಅದು: ಕಬ್ಬಿಣವನ್ನು ನಂಬು, ಎತ್ತಿಟ್ಟ ಕಬ್ಬಿಣವನ್ನು ನಂಬಬೇಡ. ಸಿಲಿಂಡರಿನ ಬಾಯಿಯ ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೆಂಕಿ ತೋರಿಸಿ, ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಗಂಡ ಹೆಂಡತಿ ಇಬ್ಬರೂ ಅದಕ್ಕೆ ಜೋತುಬಿದ್ದರು.

“ಇದು ಬಿಟ್ಕೊಂಡ್ರೆ ಇಬ್ರೂ ಮಣ್ಣು ಮುಕ್ತೀವಿ,” ಎಂದ ಅವನು.

“ಮುಕ್ಕೋಣ ಬಿಡ್ರಿ. ಮದುವೆ ಆದಾಗಿಂದ ತಿಂತಾ ಇರೋದು ಅದನ್ನೇ ಅಲ್ವಾ.”

ನಟ್ಟು ಬಿಟ್ಟುಕೊಂಡಿತು. ಇಬ್ಬರೂ ಮಣ್ಣು ಮುಕ್ಕಿದರು. ಒಳಗಿನ ಪ್ಯಾಕಿಂಗು ಬಿಸಿಲಿಗೆ ಬಿಟ್ಟ ಹಳೇ ಚಪ್ಪಲಿಯ ಹಾಗೆ ಸೀಳಿ ಹೋಗಿತ್ತು. ಅವಳು ಅದನ್ನು ಅವನ ಮುಂದೆ ಹಿಡಿದಳು. “ನೋಡಿದ್ರಾ? ಇದೇ ಕಳ್ಳ.”

ಅವನು ನೋಡಿದ, ಆದರೆ ಮುಖ ಅರಳಲಿಲ್ಲ. “ಕೈಯೇ ಇರಬಹುದು ಕಣೇ. ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳಬೇಡ.”

“ನಿಮ್ಮ ಸಮಾಧಾನಕ್ಕೆ ನಾನು ಯಾವತ್ತು ಏನು ಹೇಳಿದೀನಿ?” ಎಂದು ರೇಗಿದಳು. ರೇಗಿದ್ದು ಭಯಕ್ಕೆ. ಈಚೆಗೆ ಅವನು ಟೀ ಲೋಟ ಹಿಡಿದಾಗೆಲ್ಲ ಅವಳ ಕಣ್ಣು ಅವನ ಬೆರಳ ಮೇಲೇ ಇರುತ್ತಿತ್ತು. ಲೋಟ ಅಲುಗಿದ್ದು ಕಂಡಿರಲಿಲ್ಲ. ಕಾಣದಿದ್ದರೂ ನೋಡುವುದನ್ನು ಬಿಟ್ಟಿರಲಿಲ್ಲ. ಆ ಸೀಟು ಬಿಟ್ಟರೆ ಈ ಮನುಷ್ಯ ಏನಾಗುತ್ತಾನೆ ಎಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟಿದ್ದಳು.

ಹೊಸ ಪ್ಯಾಕಿಂಗನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ, ಉಗುರೂ ತಾಗದಂತೆ ಒಳಗೆ ಕೂರಿಸಿದಳು. ಎರಡನೇ ಸಿಲಿಂಡರಿಗೂ ಅದೇ ಉಪಚಾರ ಆಯಿತು. ಫಿಲ್ಟರ್ ತೊಳೆದು ಹೊಸ ಎಣ್ಣೆ ತುಂಬಿ, ಬ್ಲೇಡನ್ನು ನಿಧಾನವಾಗಿ ಎತ್ತಿ ಇಳಿಸಿ ಒಳಗಿನ ಗಾಳಿಯನ್ನೆಲ್ಲ ಓಡಿಸಿದ ಮೇಲೆ, ಮೇಲಕ್ಕೆತ್ತಿ ಇಂಜಿನ್ ನಿಲ್ಲಿಸಿದಳು. ಇಬ್ಬರೂ ಊಟದ ಡಬ್ಬಿ ಬಿಚ್ಚಿ ಎದುರಿಗೆ ಕೂತರು. ಡಬ್ಬಿ ಖಾಲಿಯಾಗುವವರೆಗೂ ಬ್ಲೇಡು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಮರುದಿನ ಬೆಳಗ್ಗೆ ಗುತ್ತಿಗೆದಾರರು, ಮೇಸ್ತ್ರಿ, ಇನ್ನೂ ನಾಲ್ಕು ಜನ ಅಂಗಳದ ಅಂಚಿನಲ್ಲಿ ಸೇರಿದರು. ಅವನು ಒಂದು ಸಾಲು ಹೊಡೆದ. ಮೇಸ್ತ್ರಿ ದಾರ ಎಳೆದು ಬಗ್ಗಿ ನೋಡಿ, ಗುತ್ತಿಗೆದಾರರ ಮುಖ ನೋಡಿದ. ನೆಲ ಹಿಂದಿಗಿಂತ ಕೆಟ್ಟಿತ್ತು. ದಿಬ್ಬ ದಿಬ್ಬ.

“ಗಾಡಿ ಸರಿಯಾಯ್ತಲ್ಲಕ್ಕಾ,” ಎಂದ ಮೇಸ್ತ್ರಿ. ಅವನ ದನಿಯಲ್ಲಿ ಈಗ ಕುಹಕವಿರಲಿಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತು.

ಡ್ರೈವರು ಇಂಜಿನ್ ನಿಲ್ಲಿಸಿ, ಸೀಟಿನ ಮೇಲಿದ್ದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದ. ಹಳೇ ಸೀರೆ ಮಡಿಸಿ ಅವಳೇ ಹೊಲಿದುಕೊಟ್ಟಿದ್ದ ದಿಂಬು. ಪಾನಕ್ಕನಿಗೆ ಅದನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿ, ನೆಲ ನೋಡುತ್ತ ಆ ಸಾಲಿನ ಉದ್ದಕ್ಕೂ ನಡೆದಳು.

ನಡೆಯುತ್ತ ನಡೆಯುತ್ತ ಅವಳ ಹೆಜ್ಜೆ ನಿಧಾನವಾಯಿತು. ಮೊದಲು ಇದ್ದದ್ದು ತಗ್ಗು, ಈಗಿರುವುದು ದಿಬ್ಬ. ಅದೂ ಅಳತೆ ಹಿಡಿದು ಇಟ್ಟ ಹಾಗೆ, ಒಂದಕ್ಕೊಂದು ಸಮ ದೂರದಲ್ಲಿ. ನಡುಗುವ ಕೈ ಅಳತೆ ಮಾಡಿ ನಡುಗುತ್ತದೆಯೇ?

“ಸಾರ್, ಇನ್ನೊಂದೇ ಸಾಲು,” ಎಂದಳು. ಉತ್ತರಕ್ಕೂ ಕಾಯದೆ ದಿಂಬನ್ನು ಗಂಡನಿಂದ ಕಿತ್ತುಕೊಂಡು ಸೀಟಿಗೆ ಎಸೆದಳು. “ಹತ್ರಿ ಮೇಲೆ.”

ತಾನೂ ಹತ್ತಿ, ಸೀಟಿನ ಪಕ್ಕದ ಕಬ್ಬಿಣ ಹಿಡಿದು ನಿಂತಳು. ಮುದುಕ ಗುಡುಗುತ್ತ ಹೊರಟಿತು. ಅವನ ಕಣ್ಣು ಬ್ಲೇಡಿನ ಅಂಚಿನ ಮೇಲೆ, ಅವಳ ಕಣ್ಣು ಅವನ ಕೈ ಮೇಲೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಬೆರಳು ಲಿವರನ್ನು ಚೂರೇ ಚೂರು ಎಳೆದು ಬಿಟ್ಟವು. ಇನ್ನಷ್ಟು ದೂರಕ್ಕೆ ಮತ್ತೆ ಹಾಗೇ.

“ಯಾಕ್ರೀ ಎತ್ತಿದ್ರಿ?”

“ನಾನೆಲ್ಲಿ ಎತ್ತಿದೆ?”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಇಳಿಯುತ್ತಿದ್ದ ಬ್ಲೇಡನ್ನು ಆ ಕೈ ತನ್ನ ಪಾಡಿಗೆ ತಾನು ಎತ್ತುತ್ತಲೇ ಬಂದಿತ್ತು, ಯಾರಿಗೂ ಹೇಳದೆ, ಅವನಿಗೂ ಹೇಳದೆ. ಎತ್ತಿದಷ್ಟೂ ನೆಲ ಮಟ್ಟವಾಗಿ ಬರುತ್ತಿದ್ದರಿಂದ ಪ್ಯಾಕಿಂಗು ಸವೆಯುವುದು ಅವಳ ಗಮನಕ್ಕೇ ಬಂದಿರಲಿಲ್ಲ. ಕೊನೆಗೆ ಸೋರಿಕೆ ಕೈ ಮೀರಿತು, ಆಗಲೇ ತಗ್ಗು ಬಿದ್ದದ್ದು. ಈಗ ಬ್ಲೇಡು ಇಳಿಯುವುದನ್ನು ಬಿಟ್ಟಿತ್ತು, ಕೈ ಎತ್ತುವುದನ್ನು ಬಿಟ್ಟಿರಲಿಲ್ಲ.

ಅವಳು ಬಗ್ಗಿ ತನ್ನ ಎಣ್ಣೆಗೈಯನ್ನು ಅವನ ಕೈ ಮೇಲೆ ಇಟ್ಟು ಒತ್ತಿ ಹಿಡಿದಳು. “ಹಿಂದಕ್ಕೆ ತಿರುಗಿಸಿ ಬನ್ನಿ. ಕೈ ನನಗೆ ಬಿಡಿ.”

ವಾಪಸು ಬರುವ ದಾರಿಯುದ್ದಕ್ಕೂ ಅವಳ ಅಂಗೈ ಕೆಳಗೆ ಅವನ ಬೆರಳುಗಳು ಆಗಾಗ ಏಳಲು ನೋಡಿದವು. ಒಂದು ಸಲವೂ ಅವಳು ಬಿಡಲಿಲ್ಲ. ನಿಲ್ಲಿಸಿ ಹಿಂದೆ ತಿರುಗಿದಾಗ ಮೇಸ್ತ್ರಿ ದಾರ ಎಳೆದು, ಈ ತುದಿಯಿಂದ ನೋಡಿ, ಆ ತುದಿಗೆ ಹೋಗಿ ಮತ್ತೆ ನೋಡಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಮಟ್ಟ ಇದೆ ಸಾರ್.”

“ಇದೇನಪ್ಪಾ, ದಿನಾ ಹೆಂಡ್ತೀನ ಪಕ್ಕದಲ್ಲಿ ನಿಲ್ಲಿಸ್ಕೊಂಡೇ ಓಡಿಸ್ತೀಯಾ?” ಎಂದರು ಗುತ್ತಿಗೆದಾರರು.

“ಕೈಗೆ ಬುದ್ಧಿ ಬರೋವರೆಗೂ ಸಾರ್,” ಎಂದಳು ಪಾನಕ್ಕ. ಅವರು ನಕ್ಕು, ಬೇರೆ ಡ್ರೈವರಿನ ಮಾತೆತ್ತದೆ ಕಚೇರಿ ಕಡೆ ಹೊರಟರು.

ಡ್ರೈವರು ಮುಂದಿನ ಸಾಲಿಗೆ ಗಾಡಿ ತಿರುಗಿಸಿದ. ಅವಳ ಕೈ ಇನ್ನೂ ಅವನ ಕೈ ಮೇಲೇ ಇತ್ತು. ಅವನು ಎದುರಿನ ಮಣ್ಣನ್ನೇ ನೋಡುತ್ತ, ಇಂಜಿನ್ ಸದ್ದಿನಲ್ಲಿ ಅವಳಿಗೆ ಮಾತ್ರ ಕೇಳುವ ಹಾಗೆ, “ನನ್ನ ಕೈ ಕೆಟ್ಟಿಲ್ಲ ಅಲ್ವೇನೇ?” ಎಂದ.

“ಇಲ್ಲ ಕಣ್ರೀ,” ಎಂದಳು. “ಅದೊಂದೇ ಇಷ್ಟು ದಿನ ಈ ಗಾಡಿ ರಿಪೇರಿ ಮಾಡ್ತಾ ಇದ್ದದ್ದು.”