ಖಾಲಿ ಆಕಾಶ

ಕ್ಯಾಮೆರಾದ ಬಾಯಿಗೆ ಆಲಿಕೆ ಇಟ್ಟು ದೊಡ್ಡಮ್ಮ ದ್ರವ ಸಾರಜನಕವನ್ನು ನಿಧಾನವಾಗಿ ಸುರಿಯುತ್ತಿದ್ದರು. ಮಧ್ಯಾಹ್ನದ ನಿತ್ಯದ ಕೆಲಸ. ಅದು ಅವಕೆಂಪು ಬೆಳಕನ್ನು, ಅಂದರೆ ಶಾಖವನ್ನು ನೋಡುವ ಕ್ಯಾಮೆರಾ. ತಣ್ಣಗಿಡದಿದ್ದರೆ ತನ್ನ ಮೈಬಿಸಿಯನ್ನೇ ನಕ್ಷತ್ರವೆಂದು ತೋರಿಸಿಬಿಡುತ್ತದೆ. ವೀಕ್ಷಣಾಲಯದಲ್ಲಿ ನಿರ್ದೇಶಕರಿಂದ ಅಡುಗೆಯವನವರೆಗೆ ಎಲ್ಲರಿಗೂ ಅವರು ದೊಡ್ಡಮ್ಮನೇ.

"ದೊಡ್ಡಮ್ಮ, ನನ್ನ ಶಿಫಾರಸು ಪತ್ರ?" ಪಕ್ಕದಲ್ಲಿದ್ದ ಶಿಷ್ಯೆ ಕೇಳಿದಳು. "ಮುಂದಿನ ವಾರ ಗಡುವು. ಅದಿಲ್ದೆ ಆ ಕೆಲಸ ನಂಗೆ ಸಿಗಲ್ಲ. ಮೂರು ತಿಂಗಳಿಂದ ನಿಮ್ಮ ಮೇಜಿನ ಮೇಲೇ ಕಾವಿಗೆ ಕೂತಿದೆ."

"ಮೊದ್ಲು ನಿನ್ನ ಲೆಕ್ಕ ಸರಿಮಾಡು. ಆ ಸುರುಳಿ ಗೆಲಾಕ್ಸಿ ನಡುವೆ ಅಷ್ಟೊಂದು ನಕ್ಷತ್ರ ಹುಟ್ತಿದಾವಾ? ನಾನು ಅಳೆದಾಗ ಅದರ ಅರ್ಧ ಶಾಖಾನೂ ಇರ್ಲಿಲ್ಲ."

"ಧೂಳಿನ ಮರೇಲಿ ಹುಟ್ಟೋದು ಕಣ್ಣಿಗೆ ಕಾಣಲ್ಲ, ಶಾಖಕ್ಕೆ ಸಿಕ್ಕುತ್ತೆ ಅಂತ ಹೇಳ್ಕೊಟ್ಟಿದ್ದು ನೀವೇ."

"ಹೇಳ್ಕೊಟ್ಟಿದ್ದೇ ತಪ್ಪಾಯ್ತು, ಹೋಗು, ಚಹಾಕ್ಕಿಡು."

ಅವಳು ಹೋದ ಮೇಲೆ ದೊಡ್ಡಮ್ಮ ಅವಳ ತಪ್ಪು ಹುಡುಕಲು ಕುಳಿತರು. ಇಂಥ ಅಳತೆಯಲ್ಲಿ ಮೊದಲು ಗೆಲಾಕ್ಸಿಯನ್ನು ನೋಡಬೇಕು, ಆಮೇಲೆ ಪಕ್ಕದ ಖಾಲಿ ಆಕಾಶವನ್ನು. ಇದನ್ನು ಅದರಿಂದ ಕಳೆಯಬೇಕು. ತುಂಬಿದ ಪಾತ್ರೆಯ ತೂಕದಿಂದ ಬರಿಯ ಪಾತ್ರೆಯದನ್ನು ಕಳೆದ ಹಾಗೆ. ಹೊಸದಾಗಿ ತೆಗೆದ ದೊಡ್ಡ ಚಿತ್ರದ ಮೇಲೆ ಹುಡುಗಿ ಆರಿಸಿದ್ದ ಖಾಲಿ ಜಾಗವನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿದರು. ನಿಜಕ್ಕೂ ಖಾಲಿ. ಹೋಲಿಕೆಗೆಂದು ತಾವು ಅಂದು ಆರಿಸಿದ್ದನ್ನೂ ಗುರುತಿಸಿದರು.

ಪೆನ್ಸಿಲ್ ಅಲ್ಲೇ ನಿಂತಿತು. ಹಳೆಯ ಚಿತ್ರಗಳಲ್ಲಿ ಬರೀ ಕಪ್ಪಾಗಿದ್ದ ಕಡೆ ಗೆಲಾಕ್ಸಿಯ ಹೊರತೋಳೊಂದು ಚಾಚಿಕೊಂಡಿತ್ತು. ಅವರ ಚುಕ್ಕೆ ಬಿದ್ದದ್ದು ಆ ತೋಳಿನ ಬಿಸಿ ಗಂಟೊಂದರ ಮೇಲೆ. ಬರಿಯ ಪಾತ್ರೆಯೆಂದು ಅವರು ತೂಗಿದ್ದರ ತಳದಲ್ಲಿ ಅಕ್ಕಿ ಉಳಿದಿತ್ತು.

ಇನ್ನೊಮ್ಮೆ ಅಳೆದರು. ಚುಕ್ಕೆ ಕದಲಲಿಲ್ಲ.

ಮೇಜಿನ ಮೇಲಿನ ಪತ್ರ ತೆಗೆದು ಓದಿದರು. 'ಜಾಣೆ, ಆದರೆ ಅವಸರದವಳು.' ಅದನ್ನು ಹರಿದು ಹೊಸ ಹಾಳೆ ಹಾಸಿಕೊಂಡರು. ಅವಸರದ ಮಾತು ಬಿಟ್ಟರು. ಕೊನೆಗೆ, ಇವಳ ಅಳತೆಯೇ ಸರಿ, ನಾನು ಪ್ರಕಟಿಸಿದ್ದು ತಪ್ಪು ಎಂದು ಬರೆದು ರುಜು ಹಾಕಿದರು.

ಶಿಷ್ಯೆ ಬಾಗಿಲಲ್ಲಿ ಇಣುಕಿದಳು. "ವ್ಯಾನು ಪೇಟೆಗೆ ಹೊರಟಿದೆ. ಸಕ್ಕರೆ ಮುಗ್ದಿದೆ. ನಿಮ್ಗೇನಾದ್ರೂ ತರಿಸ್ಬೇಕಾ?"

"ತರಿಸೋದೇನಿಲ್ಲ. ಕಳ್ಸೋದಿದೆ."

ಅಂಟು ಆರದ ಲಕೋಟೆ ಹಿಡಿದು ಮಂಡಿನೋವಿನಲ್ಲೇ ಮೆಟ್ಟಿಲಿಳಿದು ವ್ಯಾನಿನವನಿಗೆ ಕೊಟ್ಟರು. ಚಾಲಕನಿಗೆ ಎರಡೂ ಕೈ ಬೇಕಿತ್ತು. ಲಕೋಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಗೇರು ಬದಲಿಸಿ, ವ್ಯಾನನ್ನು ಇಳಿಜಾರಿನತ್ತ ತಿರುಗಿಸಿದ.