ಎರಡು ನಿಮಿಷದ ನಿಲುಗಡೆ

ಉಗಿಬಂಡಿಯ ಕಾಲದಲ್ಲಿ ಈ ನಿಲ್ದಾಣದಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತಿದ್ದವು. ಊರಿನ ಮೇಲಿನ ಗೌರವದಿಂದಲ್ಲ, ಎಂಜಿನ್ನಿಗೆ ಬಾಯಾರುತ್ತಿತ್ತು. ಅದು ನೀರು ಕುಡಿಯುವಷ್ಟರಲ್ಲಿ ಇಳಿದವರು ಚಹಾ ಕುಡಿದರು, ಚಹಾ ಮಾರಿದವರು ಮನೆ ಕಟ್ಟಿದರು, ಊರಾಯಿತು. ಈಗಿನ ಎಂಜಿನ್ನಿಗೆ ಬಾಯಾರಿಕೆಯಿಲ್ಲ. ಉಳಿದದ್ದು ಒಂದು ಟಿಕೆಟ್ ಕಿಟಕಿ, ಬೀಗದ ಕೈ ಕಳೆದುಹೋದ ವಿಶ್ರಾಂತಿ ಕೊಠಡಿ, ಊರವರು ತಮ್ಮನ್ನೇ ತೂಗಿಕೊಳ್ಳುವ ಸಾಮಾನಿನ ತಕ್ಕಡಿ, ಮತ್ತು ಬೆಳಗ್ಗೆ ಏಳು ಹತ್ತಕ್ಕೆ ನಗರಕ್ಕೆ ಹೋಗಿ ಸಂಜೆ ಮರಳುವ ಒಂದೇ ಗಾಡಿ. ನಿಲುಗಡೆ ಎರಡು ನಿಮಿಷ.

ಆ ಎರಡನ್ನು ಸ್ಟೇಷನ್ ಮಾಸ್ತರರು ಆರು ಮಾಡಿಟ್ಟಿದ್ದರು. ಅವರ ಅಕ್ಕನಿಗೆ ವಾರಕ್ಕೆ ಮೂರು ಸಲ ನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಊದಿದ ಕಾಲೆಳೆಯುತ್ತ ಆಕೆ ಮೇಲ್ಸೇತುವೆ ಇಳಿದು ಬರುವತನಕ ಹಸಿರು ಬಾವುಟ ಬಿಚ್ಚಿಕೊಳ್ಳುತ್ತಿರಲಿಲ್ಲ. ತಡವಾದದ್ದಕ್ಕೆ ದಿನಚರಿಯಲ್ಲಿ ಕಾರಣ ಬರೆಯಬೇಕು. ಅಕ್ಕ ಎಂಬ ಕಾರಣಕ್ಕೆ ಅಲ್ಲಿ ಅಂಕಣವಿರಲಿಲ್ಲ. ನಾಲ್ಕು ವರ್ಷ ಅವರು ದುಂಡಗೆ ‘ಸಿಗ್ನಲ್ ದೋಷ’ ಎಂದು ಬರೆದರು.

ಮೇಲಿನ ಕಚೇರಿಯಿಂದ ಮೂರು ಸಲ ರಿಪೇರಿಯವರು ಬಂದರು. ದೋಷ ಸಿಗದೆ, ಅದು ಬಲು ಆಳವಾದ ದೋಷವಿರಬೇಕೆಂದು ವರದಿ ಕೊಟ್ಟು ಹೋದರು. ಕೊನೆಗೆ ಆದೇಶ ಬಂತು: ಗಾಡಿಯನ್ನು ಪದೇ ಪದೇ ತಡಮಾಡುವ ಈ ನಿಲುಗಡೆ ಒಂದನೇ ತಾರೀಖಿನಿಂದ ರದ್ದು.

ಮಾಸ್ತರರು ಮೇಲಿನ ಕಚೇರಿಯ ಸಾಹೇಬರಿಗೆ ಫೋನು ಹಚ್ಚಿದರು.

“ಸಾರ್, ಸಿಗ್ನಲ್ ಸರಿಯಾಗೇ ಇದೆ.”

“ಕೆಟ್ಟಿದೆ ಅಂತ ನೀವೇ ಬರ್ದಿದೀರಲ್ರೀ. ಅಕ್ಷರ ಬೇರೆ ಮುತ್ತಿನ ಹಾಗಿದೆ.”

“ಅದು ಸುಳ್ಳು ಸಾರ್.”

“ನಂಗೆ ಕೇಳಿಸ್ಲಿಲ್ಲ ಅಂದ್ಕೊಳ್ಳಿ. ಕೇಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ, ಗಾಡಿಯಂತೂ ನಿಲ್ಲಲ್ಲ. ವೇಳಾಪಟ್ಟಿ ಅಚ್ಚಾಗಿಬಿಟ್ಟಿದೆ.”

ಮನೆಯಲ್ಲಿ ಬಸ್ಸಿನ ಮಾತೆತ್ತಿದಾಗ ಅಕ್ಕ ಅಡ್ಡಡ್ಡ ತಲೆಯಾಡಿಸಿದಳು. “ಎರಡು ಕಡೆ ಬಸ್ಸು ಬದಲಾಯಿಸ್ಬೇಕು, ನಾಲ್ಕು ಗಂಟೆ. ನಾನು ಹೋಗಿ ಮುಟ್ಟೋಷ್ಟರಲ್ಲಿ ನನ್ನ ಮಂಚದಲ್ಲಿ ಇನ್ಯಾರೋ ಮಲಗಿರ್ತಾರೆ. ಅವರೇನು ನಿನ್ನ ಹಾಗೆ ಕಾಯ್ತಾರೇನೋ?”

ಒಂದನೇ ತಾರೀಖು ಅಕ್ಕ, ಜನ್ಮದಲ್ಲಿ ಮೊದಲ ಸಲ, ಕಾಲು ಗಂಟೆ ಮುಂಚೆಯೇ ಬಂದು ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಆಸ್ಪತ್ರೆಯ ಫೈಲು.

“ಯಾಕಕ್ಕ ಬಂದೆ? ನಿಲ್ಲಲ್ಲ ಅಂತ ಹೇಳಿದ್ನಲ್ಲ.”

“ಕಾಗದದಲ್ಲಿ ಹಾಗೇ ಇರುತ್ತೆ ಬಿಡೋ. ನೀನಿದೀಯಲ್ಲ.”

ಹಳಿ ಸಣ್ಣಗೆ ಗುಯ್‌ಗುಟ್ಟತೊಡಗಿತು. ಮಾಸ್ತರರು ಅಂಚಿಗೆ ಹೋಗಿ ನಿಂತರು. ಬಲಗೈಯಲ್ಲಿ ಹಸಿರು, ನಿಯಮದ ಪ್ರಕಾರ ಎಡಗೈಯಲ್ಲಿ ಸುತ್ತಿಟ್ಟ ಕೆಂಪು.

“ಆ ಕೆಂಪು ಯಾವುದಕ್ಕೋ?” ಅಕ್ಕ ಕೂತಲ್ಲಿಂದಲೇ ಕೇಳಿದಳು.

“ಜೀವಕ್ಕೆ ಅಪಾಯ ಇದ್ರೆ ತೋರಿಸೋಕೆ.”

“ಓಹೋ,” ಎಂದಳು ಅಕ್ಕ. “ನಾನು ಗುಂಡುಕಲ್ಲಿನ ಹಾಗಿದೀನಲ್ಲ, ಅದಕ್ಕೇ ಸುತ್ತಿಟ್ಟಿದೀಯ.”

ಮಾಸ್ತರರು ಎಡಗೈಯ ಸುತ್ತಿದ ಬಾವುಟ ನೋಡಿಕೊಂಡರು. ಕೆಂಪು ತೋರಿಸಿದರೆ ಇವತ್ತೊಂದು ದಿನ ಗಾಡಿ ನಿಲ್ಲುತ್ತದೆ. ನಾಳಿದ್ದು ಈ ಜಾಗದಲ್ಲಿ ಬೇರೆ ಮಾಸ್ತರ, ಬೇರೆಯವರ ತಮ್ಮ. ಬಲಗೈ ತಾನಾಗಿಯೇ ಮೇಲೆದ್ದಿತು. ಗಾಡಿ ಧೂಳೆಬ್ಬಿಸಿ, ಅಕ್ಕನ ಸೆರಗು ಹಾರಿಸಿ, ಹೊರಟೇಹೋಯಿತು.

ಅವರು ಒಳಗೆ ಹೋಗಿ ದಿನಚರಿ ತೆರೆದರು. ಕಿಟಕಿಯಾಚೆಯಿಂದ ಅಕ್ಕ ಕೇಳಿದಳು, “ಎಷ್ಟು ತಡ ಅಂತ ಬರೀತೀಯೋ?”

“ತಡ ಆಗ್ಲಿಲ್ಲಕ್ಕ.”

“ನಂಗೂ ಆಗಿರ್ಲಿಲ್ಲ ಇವತ್ತು,” ಎಂದು ಆಕೆ ಫೈಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.