ದಾದಿಯ ಹೊಸ ಹಲ್ಲಿಗೆ ಒಂದು ತುಂಡು ಮಾಂಸ

ಒಂದು ರಾಜ್ಯವಿತ್ತು, ಅದರ ಹೆಸರು ಶಿಡ್ಲಘಟ್ಟ. ಆ ರಾಜ್ಯದಲ್ಲಿ ಒಬ್ಬಳು ರಾಣಿ ಇದ್ದಳು. ಅವಳ ಬಾಯಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ. ಇದ್ದ ಹಲ್ಲುಗಳೆಲ್ಲ ಒಂದೊಂದಾಗಿ ಎದ್ದು, ಸಲಾಂ ಹೇಳಿ, ಹೊಸ್ತಿಲು ದಾಟಿ ಹೋಗಿಬಿಟ್ಟಿದ್ದವು.

ಕಥೆಯನ್ನು ಹೀಗೇ ಶುರುಮಾಡಬೇಕು ಎಂದು ನನಗೆ ಕಲಿಸಿದವಳು ಆ ರಾಣಿಯೇ. ಅವಳು ನನ್ನ ದಾದಿ, ಅಂದರೆ ಅಪ್ಪನ ತಾಯಿ, ಖತೀಜಾ ಬೀ. ನಾನು ಮಹೀನ್, ಅವಳ ತೊಡೆಯ ಮೇಲೆ ಬೆಳೆದವಳು. ಚಂದ್ರನನ್ನು ನುಂಗಿ ಹೊಟ್ಟೆಯೊಳಗೆ ಬೆಳದಿಂಗಳು ತುಂಬಿಕೊಂಡ ಮೀನು, ಉಪ್ಪಿನ ಜಾಡಿಯಲ್ಲಿ ಮನೆ ಮಾಡಿಕೊಂಡ ಜಿನ್ನು, ಇವರೆಲ್ಲ ನನಗೆ ಅಕ್ಕಪಕ್ಕದ ಮನೆಯವರಿಗಿಂತ ಮೊದಲು ಪರಿಚಯವಾದವರು. ಈಗ ಔಷಧಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿರುವಾಗಲೂ ಅವರು ಬಂದು ಹೋಗುತ್ತಾರೆ.

ಹೋದ ರಂಜಾನ್ ಮುಗಿದ ಮೇಲೆ ದಾದಿಗೆ ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಸೆಟ್ ಮಾಡಿಸಿದೆವು. ಅವು ಮುತ್ತಿನ ಹಾಗೆ ಹೊಳೆಯುತ್ತಿದ್ದವು. ದಾದಿ ಮಾತ್ರ ಅವುಗಳನ್ನು ಮನೆಗೆ ಬಂದ ಬೀಗರಂತೆ ದೂರದಿಂದಲೇ ಮಾತಾಡಿಸುತ್ತಿದ್ದಳು. ಹಾಕಿಕೊಂಡರೆ ಒಂದು ಗಳಿಗೆ, ಮತ್ತೆ ಡಬ್ಬಿಗೆ. ಊಟ ಅಂದರೆ ರಾಗಿ ಗಂಜಿ, ಬಿಟ್ಟರೆ ಹಾಲಲ್ಲಿ ನೆನೆಸಿದ ಬ್ರೆಡ್ಡು. ನೋಡನೋಡುತ್ತಿದ್ದಂತೆ ಅವಳ ಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು, "ಅಗಿದು ತಿನ್ನೋ ಊಟ ಶುರು ಮಾಡ್ಲಿಲ್ಲ ಅಂದ್ರೆ ಮಲಗೇಬಿಡ್ತಾರಮ್ಮ" ಎಂದರು.

ಅಮ್ಮಿ, ಅಂದರೆ ನನ್ನ ತಾಯಿ ಜಬೀನ್, ಕುಕ್ಕರಿನಲ್ಲಿ ಸೀಟಿಯ ಮೇಲೆ ಸೀಟಿ ಹೊಡೆಸಿ ಮಾಂಸ ಬೇಯಿಸಿಕೊಟ್ಟಳು. ಅದು ಬಾಯಲ್ಲಿಟ್ಟರೆ ಕರಗುತ್ತಿತ್ತು. ದಾದಿ ತಟ್ಟೆ ಸರಿಸಿದಳು.

"ಇದನ್ನ ನುಂಗ್ಬೋದು, ತಿನ್ನಕ್ಕಾಗಲ್ಲ. ನುಂಗೋದಕ್ಕೆ ಹಲ್ಲು ಯಾಕೆ? ಬಾಯಲ್ಲಿ ಹಾಕಿದ್ರೆ ಅದು ಸ್ವಲ್ಪ ಜಗಳ ಆಡ್ಬೇಕು, ಆಮೇಲೆ ಸೋಲ್ಬೇಕು. ಅಂಥ ಮಾಂಸ ಒಂದ್ ತುಂಡು ಈ ಹಲ್ಲಲ್ಲಿ ತಿಂದ್ರೆ ಇವು ನನ್ನವು. ಇಲ್ದಿದ್ರೆ ಗಂಜಿ ಕುಡ್ಕೊಂಡು ಅಲ್ಲಾಹ್ ಕರೆಯೋವರ್ಗೂ ಇರ್ತೀನಿ."

"ನಾನು ತಿನ್ನಿಸ್ತೀನಿ," ಎಂದೆ. "ಸೋಲೋ ಮಾಂಸ ನಾನು ಮಾಡ್ಕೊಡ್ತೀನಿ. ವಾದಾ."

ವಾದಾ ಎಂದರೆ ಮಾತು ಕೊಟ್ಟಂತೆ. ದಾದಿಯ ಕಥೆಗಳಲ್ಲಿ ವಾದಾ ತಪ್ಪಿದವರು ಕಲ್ಲಾಗುತ್ತಾರೆ.

ಫೋನಿನಲ್ಲಿ ಒಂದು ಅಡುಗೆ ನೋಡಿಟ್ಟಿದ್ದೆ. ತೆಳ್ಳಗೆ ಉದ್ದುದ್ದ ಕುಯ್ದ ಮಾಂಸವನ್ನು ಕೆಂಪಗೆ ಕಾದ ಬಾಣಲೆಯಲ್ಲಿ ತರಕಾರಿಯ ಜೊತೆ ಬಾಡಿಸಿ ಇಳಿಸಿಬಿಡುವುದು. ಬೇಯಿಸುವುದೇ ಇಲ್ಲ. ಆ ಶುಕ್ರವಾರ ಮೆಹಬೂಬ್ ಪಾಷಾರ ಮಾಂಸದಂಗಡಿಯಿಂದ ಕೊಬ್ಬಿಲ್ಲದ ಒಂದು ಇಡೀ ತುಂಡು ತಂದೆ. ನಮ್ಮಲ್ಲಿ ಬಡೇ ಕಾ, ದೊಡ್ಡದರ ಮಾಂಸ, ಅಂದರೆ ಎಮ್ಮೆಯದು. ಈಗ ಕಾನೂನು ಬಿಟ್ಟಿರುವುದೂ ವಯಸ್ಸಾದ ಎಮ್ಮೆಯನ್ನು ಮಾತ್ರ ಎಂದು ದಾದಿಗೆ ಹೇಳಿದೆ.

"ಹಂಗಾದ್ರೆ ನನ್ನ ವಾರಿಗೆಯವಳೇ," ಎಂದು ದಾದಿ ಅಕ್ಕನನ್ನು ಮಾತಾಡಿಸುವಂತೆ ಮಾಂಸದ ಮೇಲೆ ಕೈ ಸವರಿದಳು. "ಅಸ್ಸಲಾಮು ಅಲೈಕುಂ, ಬೂಬೂ."

ಬಾಗಿಲ ಬಳಿ ಅಕ್ಕಯ್ಯಮ್ಮ ನಕ್ಕಳು. ದಿಬ್ಬೂರಹಳ್ಳಿಯ ಅಕ್ಕಯ್ಯಮ್ಮ ಮತ್ತು ದಾದಿ ರೇಷ್ಮೆ ಫಿಲೇಚರಿನಲ್ಲಿ, ಅಂದರೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅಕ್ಕಪಕ್ಕದ ಬೇಸನ್ನಿನ ಮುಂದೆ ಕೂತು, ಕುದಿಯುವ ನೀರಲ್ಲಿ ಬೆರಳಿಟ್ಟು, ಗೂಡಿನಿಂದ ನೂಲು ಬಿಚ್ಚುತ್ತ ಮುದುಕಿಯರಾದವರು. ಇಬ್ಬರ ಬೆರಳ ತುದಿಯೂ ಬೆಳ್ಳಗೆ ಸುಕ್ಕುಗಟ್ಟಿ ಹಾಗೇ ಉಳಿದಿದೆ. ಅಕ್ಕಯ್ಯಮ್ಮ ಸಂತೆಗೆ ಬಂದಾಗಲೆಲ್ಲ ತನ್ನ ತೋಟದ ಬೀನ್ಸ್, ಕ್ಯಾರೆಟ್ಟು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಾಳೆ.

"ನಾನು ಅದನ್ನ ತಿನ್ನಲ್ಲ, ಮುಟ್ಟಲ್ಲ," ಎಂದು ಹೊಸ್ತಿಲಲ್ಲೇ ಕೂತಳು. "ಬೀನ್ಸ್ ನಾನು ಹೆಚ್ಕೊಡ್ತೀನಿ. ಆದ್ರೆ ನನ್ ಪಾಲು ಬೇರೆ ಬಾಂಡ್ಲಿಲಿ ಹುರೀಬೇಕು ಕಣಮ್ಮ ಮಹೀನ, ಮರೀಬೇಡ."

"ಮರೆಯಲ್ಲ ಅಕ್ಕಯ್ಯಮ್ಮ."

ನಾನು ಅರ್ಧ ತುಂಡನ್ನು ಹಲಗೆಯ ಮೇಲಿಟ್ಟೆ. ಅದರಲ್ಲಿ ನಾರು ಒಂದೇ ದಿಕ್ಕಿಗೆ, ಬಾಚಿದ ಕೂದಲ ಹಾಗೆ ಹರಿದಿತ್ತು. ಆ ಹರಿವಿನ ಜೊತೆಜೊತೆಗೇ ಚಾಕು ನಡೆಸಿದೆ. ಒಂದೊಂದು ಪಟ್ಟಿಯೂ ನೀಟಾಗಿ, ಉದ್ದಕ್ಕೆ, ಎಲ್ಲೂ ತುಂಡಾಗದೆ ಬಂತು. ಬೇರೆ ರೀತಿ ಕುಯ್ಯಬಹುದು ಎಂದು ತಲೆಗೇ ಬರಲಿಲ್ಲ. ನೂಲಿನ ಮನೆಯಲ್ಲಿ ಹುಟ್ಟಿದ ಕೈ ಅದು. ಎಳೆ ಕಡಿಯಬಾರದು ಎನ್ನುವುದನ್ನು ನಡೆಯುವುದಕ್ಕೂ ಮೊದಲೇ ಕಲಿತ ಕೈ.

ದಾದಿ ಮಂಜುಗಣ್ಣಿನ ಹತ್ತಿರ ಒಂದು ಪಟ್ಟಿ ಹಿಡಿದು, "ಶಾಬಾಶ್! ಒಂದ್ ಎಳೆನೂ ಕಡೀದಂಗೆ ಕುಯ್ದಿದ್ದಾಳೆ. ನನ್ ಮೊಮ್ಮಗಳು!" ಎಂದಳು.

ಶುಂಠಿ, ಬೆಳ್ಳುಳ್ಳಿ, ಮೆಣಸು, ಚೂರು ಪಪ್ಪಾಯಿಕಾಯಿ ಅರೆದು ಹಚ್ಚಿದೆ. ಬಾಣಲೆ ಕಾಯಿಸಿ ಬಾಡಿಸಿದೆ. ಘಮವೇನೋ ಬೀದಿಯವರೆಗೆ ಹೋಯಿತು. ದಾದಿ ಬಿಸ್ಮಿಲ್ಲಾ ಹೇಳಿ, ಹಲ್ಲು ಹಾಕಿಕೊಂಡು, ಒಂದು ಪಟ್ಟಿ ಬಾಯಿಗಿಟ್ಟಳು. ಅಗಿದಳು. ಮತ್ತೆ ಅಗಿದಳು. ಕತ್ತಿನ ನರ ಬಿಗಿಯಿತು. ಕೊನೆಗೆ ಕೈ ಹಾಕಿ ಎಳೆದಾಗ ಮಾಂಸದ ಜೊತೆಗೆ ಮೇಲಿನ ಸಾಲು ಹಲ್ಲೂ ಕಿತ್ತು ಹೊರಗೆ ಬಂತು.

"ಅಯ್ಯೋ ದೇವುಡಾ, ಎಮ್ಮೇನೇ ನಿನ್ನ ಹಲ್ಲು ಕಚ್ಕೊಂಡ್ ಹೋಯ್ತಲ್ಲೇ ಖತೀಜಾ!" ಎಂದು ಅಕ್ಕಯ್ಯಮ್ಮ ಬಿದ್ದು ಬಿದ್ದು ನಕ್ಕಳು. ದಾದಿ ನಗಲಿಲ್ಲ. ಅದನ್ನು ಕಂಡು ಅಕ್ಕಯ್ಯಮ್ಮನ ನಗೆ ನಿಂತುಹೋಯಿತು.

ದಾದಿ ಹಲ್ಲು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದಳು.

"ಜಬೀನ್, ಇದನ್ನ ಬೀರು ಒಳಗಿಡು. ಇನ್ನು ತೆಗೀಬೇಡ."

"ಅಮ್ಮಾ, ನಾಳೆ ಕುಕ್ಕರಲ್ಲಿ..." ಎಂದಳು ಅಮ್ಮಿ.

"ನಕ್ಕೋ, ಬೇಡ. ತೆಗೀಬೇಡ ಅಂದೆನಲ್ಲ."

ಅಮ್ಮಿ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ನನಗೆ ಕಾಲು ಕಲ್ಲಾಗತೊಡಗಿದೆ ಅನ್ನಿಸಿತು. ಒಲೆಯ ಮುಂದಿನಿಂದ ಅಲ್ಲಾಡಲಿಲ್ಲ. ದಾದಿ ಗೋಡೆಗೊರಗಿ ಕೂತಿದ್ದಳು. ಆದರೆ ಅವಳ ಬೆರಳು ಜನ್ಮದಲ್ಲಿ ಸುಮ್ಮನೆ ಕೂತದ್ದಲ್ಲ. ತಟ್ಟೆಯಲ್ಲಿ ಬಿದ್ದಿದ್ದ ಆ ಪಟ್ಟಿಯನ್ನು ಅವು ತಮ್ಮಷ್ಟಕ್ಕೇ ತಡವುತ್ತಿದ್ದವು. ಹೆಬ್ಬೆರಳು ತುದಿಯನ್ನು ಕೆರೆಯಿತು, ತೋರುಬೆರಳು ಏನನ್ನೋ ಹಿಡಿಯಿತು, ಮೆಲ್ಲಗೆ ಎಳೆಯಿತು.

ಒಂದು ನಾರು ಬಂತು. ಬರುತ್ತಲೇ ಇತ್ತು. ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ತುಂಡಾಗದೆ, ಕೂದಲಷ್ಟು ಸಣ್ಣಗೆ. ದಾದಿ ಅದನ್ನು ಬೆಳಕಿಗೆ ಹಿಡಿದಳು.

"ಅಕ್ಕಯ್ಯ, ಇಲ್ ನೋಡೇ."

ಮುಟ್ಟಲ್ಲ ಎಂದವಳು ಹೊಸ್ತಿಲು ದಾಟಿ ಒಳಗೆ ಬಂದು ಬಗ್ಗಿದಳು. "ಎಳೆ! ಗೂಡಿಂದ ಬಂದಂಗೇ ಐತಲ್ಲೇ!"

ದಾದಿ ಇನ್ನೊಂದು ಎಳೆದಳು, ಮತ್ತೊಂದು. ಸಾವಿರಾರು ಎಳೆ ಅದರೊಳಗೆ ಒತ್ತೊತ್ತಾಗಿ ಮಲಗಿದ್ದವು. ಆ ಎಮ್ಮೆ ತನ್ನ ಆಯುಷ್ಯವೆಲ್ಲ ನಡೆದದ್ದು, ಕೆರೆಯಿಂದ ಎದ್ದದ್ದು, ಕರುವಿನ ಕಡೆ ಕತ್ತು ತಿರುಗಿಸಿದ್ದು ಇದೇ ಎಳೆಗಳಿಂದ. ಇಷ್ಟು ವರ್ಷ ತಿಂದಿದ್ದೇನೆ, ಒಂದು ದಿನವೂ ಮಾಂಸವನ್ನು ನೋಡಿರಲೇ ಇಲ್ಲ.

"ಯಾರು ಸುತ್ತಿದ್ರೇ ಇದನ್ನ?" ದಾದಿಯ ದನಿ ಪಿಸುಗುಟ್ಟಿತು. "ಯಾವ ಚರಕದ ಮೇಲೆ? ಒಂದ್ ಗಂಟಿಲ್ಲ, ಒಂದ್ ಸಿಕ್ಕಿಲ್ಲ. ಸುಭಾನಲ್ಲಾ."

"ನಿಮ್ಮ ಅಲ್ಲಾನೋ ನಮ್ಮ ಗಂಗಾಧರನೋ, ಒಳ್ಳೆ ಪಳಗಿದ ಕೈ ಬಿಡು," ಎಂದಳು ಅಕ್ಕಯ್ಯಮ್ಮ. ಆಮೇಲೆ ಏನೋ ಹೊಳೆದಂತೆ ದಾದಿಯ ಮುಖ ನೋಡಿದಳು. "ಅಲ್ವೇ ಖತೀಜಾ, ನಾವು ಎಳೆ ಕಡೀಬೇಡಿ ಕಡೀಬೇಡಿ ಅಂತ ಬೈಸ್ಕೊಂಡಿದ್ದು ಯಾಕೆ?"

"ನೂಲು ಗಟ್ಟಿ ಇರ್ಲಿ ಅಂತ."

"ಸೀರೆ ನೇಯಕ್ಕೆ ಗಟ್ಟಿ ಬೇಕು. ನಿನಗೇನ್ ಬೇಕಿಲ್ಲಿ, ಗಟ್ಟೀನೋ ಮೆತ್ತಗೋ?"

"ಮೆತ್ತಗೆ," ಎಂದಳು ದಾದಿ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಅರ್ಧ ತುಂಡು ಇನ್ನೂ ಹಂಗೇ ಇದೆ ದಾದಿ," ಎಂದೆ. "ಕುಯ್ದಿಲ್ಲ."

"ತಾ."

ಹಲಗೆ ದಾದಿಯ ಮುಂದೆ ಬಂತು. ಕಣ್ಣಿಗೆ ಮಂಜು, ಆದರೆ ಹೆಬ್ಬೆರಳಿಗೆ ಮಂಜಿಲ್ಲ. ಅವಳು ಮಾಂಸದ ಮೇಲೆ ಬೆರಳು ಒತ್ತಿ ನಿಧಾನಕ್ಕೆ ಸಾಗಿಸಿದಳು. "ಹಿಂಗ್ ಹೋಗ್ತಾ ಇದೆ. ಹಿಂಗೇ... ತಡಿ, ಇಲ್ಲಿ ತಿರುವು ತಗೊಂತು. ಹಲಗೆ ತಿರುಗ್ಸು. ಹಾಂ. ಈಗ ಅಡ್ಡ."

ಚಾಕು ಇಟ್ಟೆ. ಕೈ ಮುಂದೆ ಹೋಗಲಿಲ್ಲ. ನಿಜವಾಗಿ ಹೋಗಲಿಲ್ಲ. ಇಷ್ಟು ಎಳೆಯನ್ನು ಒಂದೇ ಏಟಿಗೆ ಕಡಿಯುವುದೆಂದರೆ ಹೊಳೆಗೆ ಗೋಡೆ ಕಟ್ಟಿದಂತೆ, ಏನೋ ಮಾಡಬಾರದ್ದನ್ನು ಮಾಡಿದಂತೆ. ದಾದಿಗೆ ಅರ್ಥವಾಯಿತು. ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟಳು.

"ನಾನೂ ಯಾವತ್ತೂ ಕಡಿದಿಲ್ಲ ಕಣೇ. ಬಾ, ಇಬ್ರೂ ಕಡಿಯಣ."

ಚಾಕು ಇಳಿಯಿತು. ಕುಯ್ದ ಮುಖದಲ್ಲಿ ಎಳೆ ಕಾಣಲಿಲ್ಲ. ಅದರ ಬದಲು ಒತ್ತಾಗಿ ಕೂತ ಸಣ್ಣಸಣ್ಣ ಚುಕ್ಕೆಗಳಿದ್ದವು, ಕಡ್ಡಿಪೊರಕೆಯನ್ನು ಬುಡದಿಂದ ನೋಡಿದ ಹಾಗೆ. ಆ ಬಿಲ್ಲೆಯನ್ನು ದಾದಿ ಬೆರಳಲ್ಲಿ ಒತ್ತಿದಳು. ಅದು ಒತ್ತಿದ ಕಡೆಯೆಲ್ಲ ಬಿಟ್ಟುಕೊಟ್ಟಿತು.

"ಯಾ ಅಲ್ಲಾಹ್," ಎಂದಳು. "ಅದೇ ಮಾಂಸ. ನಾವು ನಿಂತ ಕಡೆ ಬದಲಾಯಿಸಿದ್ವಿ, ಅಷ್ಟೇ."

ಮಸಾಲೆ ಹಚ್ಚಿ ನೆನೆಯಲು ಇಟ್ಟೆ. ದಾದಿ ಅಲ್ಲಿಂದ ಏಳಲಿಲ್ಲ, ಅಕ್ಕಯ್ಯಮ್ಮ ಊರಿನ ಬಸ್ಸಿನ ನೆನಪನ್ನೇ ಬಿಟ್ಟಳು. ಆಮೇಲೆ ಕಬ್ಬಿಣದ ಬಾಣಲೆಯನ್ನು ಹೊಗೆ ಏಳುವವರೆಗೆ ಕಾಯಿಸಿ, ಮಾಂಸವನ್ನು ಒಂದು ಹಿಡಿಯಷ್ಟೇ ಹಾಕಿದೆ. ಅದು ಗುಡುಗಿತು! ಅಂಚು ಕಂದಿತು, ಒಳಗಿನ ರಸ ಹೊಳೆದು ಮತ್ತೆ ಒಳಗೇ ಅಡಗಿತು. ತೆಗೆದಿಟ್ಟು ಇನ್ನೊಂದು ಹಿಡಿ ಹಾಕಿದೆ. ಅದನ್ನೂ ತೆಗೆದು, ಬೆಳ್ಳುಳ್ಳಿ, ಈರುಳ್ಳಿ, ಕ್ಯಾರೆಟ್ಟು, ಕೊನೆಗೆ ಬೀನ್ಸ್. ಬೆಂಕಿ ತಗುಲಿದ ಕ್ಷಣ ಬೀನ್ಸಿನ ಬಣ್ಣ ಗಿಡದಲ್ಲಿದ್ದಾಗಿನದಕ್ಕಿಂತ ಹಸಿರಾಗಿ ಬೆಳಗಿತು. ಜಾಡಿಯಿಂದ ಎದ್ದ ಜಿನ್ನು ಇಂಥ ಹಸಿರು ರುಮಾಲು ಕಟ್ಟಿರುತ್ತಾನೆ.

"ಇದು ನನ್ ತೋಟದ್ದೇನಾ?" ಅಕ್ಕಯ್ಯಮ್ಮ ಪಕ್ಕದ ಒಲೆಯ ಮೇಲಿದ್ದ ತನ್ನ ಪುಟ್ಟ ಬಾಣಲೆಯನ್ನೂ ಇಣುಕಿದಳು. "ನಾನು ಹುಳಿಗೆ ಹಾಕಿ ಹಾಕಿ ಇದರ ಬಣ್ಣಾನೇ ಕೊಂದ್ಬಿಟ್ಟಿದ್ದೆ."

ಮಾಂಸವನ್ನು ಮತ್ತೆ ಸುರಿದು, ಸೋಯಾ ಸಾಸ್, ಮೆಣಸಿನ ಪುಡಿ ಹಾಕಿ, ಒಮ್ಮೆ ಮೇಲೆ ಕೆಳಗೆ ಮಾಡಿ ಇಳಿಸಿದೆ. ದಾದಿಯ ತಟ್ಟೆಗೆ ಬಡಿಸಿದೆ.

ದಾದಿ ತಟ್ಟೆಯನ್ನು ನೋಡುತ್ತ ಕೂತಳು. ಅಮ್ಮಿ ಬೀರುವಿನ ಹತ್ತಿರವೇ ನಿಂತಿದ್ದಳು, ಕೇಳಲೂ ಇಲ್ಲ, ಹೋಗಲೂ ಇಲ್ಲ.

"ನಿಂತ್ಕೊಂಡೇನ್ ನೋಡ್ತೀಯ ಜಬೀನ್?" ಎಂದಳು ದಾದಿ. "ಬರಿ ವಸಡಲ್ಲಿ ತಿನ್ಲಾ?"

ಡಬ್ಬಿ ಬಂತು. ದಾದಿ ಗೋಡೆಯ ಕಡೆ ಮುಖ ಮಾಡಿ ಹಲ್ಲು ಕೂರಿಸಿಕೊಂಡಳು. ಬಿಸ್ಮಿಲ್ಲಾ ಎಂದಳು. ಒಂದು ತುಂಡು ಮಾಂಸ, ಅದರ ಮೇಲೊಂದು ಬೀನ್ಸ್.

ದವಡೆ ಮುಚ್ಚಿತು. ತೆರೆಯಿತು. ಬೀನ್ಸ್ ಕಟುಕ್ ಎಂದ ಸದ್ದು ನಮಗೆಲ್ಲರಿಗೂ ಕೇಳಿಸಿತು. ದಾದಿಯ ಹುಬ್ಬು ಮೇಲಕ್ಕೇರಿತು. ಈ ಕಡೆ ಅಗಿದಳು, ತುಂಡನ್ನು ನಾಲಿಗೆಯಲ್ಲಿ ಆ ಕಡೆಗೆ ತಳ್ಳಿ ಅಲ್ಲೂ ಅಗಿದಳು. ಅವಸರವಿಲ್ಲ. ಕೆನ್ನೆಯ ಗುಳಿ ತುಂಬಿತು, ಇಳಿಯಿತು, ತುಂಬಿತು. ಅಕ್ಕಯ್ಯಮ್ಮ ತನಗೇ ತಿಳಿಯದೆ ಬರಿ ಬಾಯಿ ಆಡಿಸುತ್ತಿದ್ದಳು.

ದಾದಿ ನುಂಗಿದಳು. ಗಂಟಲಲ್ಲಿ ಅದು ಇಳಿದದ್ದು ಕಾಣಿಸಿತು. ಕಣ್ಣಲ್ಲಿ ನೀರು ನಿಂತಿತ್ತು, ಮೆಣಸಿಗೋ ಏನೋ.

"ಜಗಳ ಆಡ್ತು," ಎಂದಳು. "ಸೋಲ್ತು," ಎಂದು ಎರಡನೇ ತುಂಡಿಗೆ ಕೈ ಹಾಕಿದಳು.